ಮಂಗಳೂರಿಗೆ ಮುಖ ಮಾಡಿದ ಆಂಟೆನಾ

ಎರಡೂ ಕಡೆಯ ವಾದ ಮಾಡಲು ಬರುವ ಮನುಷ್ಯನನ್ನು ಅಂಗಡಿಗೆ ಕಳಿಸಬಾರದು. ಅನುಭವದಿಂದ ಹೇಳುತ್ತಿದ್ದೇನೆ. ಬೇಕಾದರೆ ಇದರ ವಿರುದ್ಧವೂ ಇಷ್ಟೇ ಚೆನ್ನಾಗಿ ಮಾತಾಡಬಲ್ಲೆ. ತೊಂದರೆ ಇರುವುದೇ ಅಲ್ಲಿ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಲಿ. ವೇದಿಕೆ ಹತ್ತುವ ಮೊದಲು ಚೀಟಿ ಎತ್ತಬೇಕು. ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಉಡುಪಿಯಲ್ಲಿ ಮೊಬೈಲು ಮನುಕುಲದ ಶತ್ರುವೆಂದು ಸಾಧಿಸಿ ಒಂದು ಕಪ್ ಗೆದ್ದು, ಮರುವಾರವೇ ಮಂಗಳೂರಿನಲ್ಲಿ ಮೊಬೈಲಿಲ್ಲದ ಮನುಕುಲವನ್ನು ಊಹಿಸುವುದೇ ಪಾಪವೆಂದು ಸಾಧಿಸಿ ಇನ್ನೊಂದು ಕಪ್ ತಂದವನು ನಾನು. ನಂಬಿಕೆ ಎನ್ನುವುದು ಚೀಟಿಯಲ್ಲಿ ಬರುವ ವಸ್ತು ಎಂದು ನನಗೆ ಆಗಲೇ ಖಚಿತವಾಗಿತ್ತು. ಆದರೆ ಸೂಪರ್ ಮಾರ್ಕೆಟಿನಲ್ಲಿ ಯಾರೂ ಚೀಟಿ ಕೊಡುವುದಿಲ್ಲ. ಅಕ್ಕ ಟೊಮೆಟೊ ತರಲು ಹೇಳಿದರೆ ಒಮಾನಿನ ಟೊಮೆಟೊ ಪರವಾಗಿ ನಾಲ್ಕು ಮಾತು, ಜೋರ್ಡಾನಿನದರ ಪರವಾಗಿ ನಾಲ್ಕು ಮಾತು ಮನಸ್ಸಿನಲ್ಲೇ ಆಡಿಕೊಂಡು, ಗಂಟೆ ಬಾರಿಸಿ ತೀರ್ಪು ಕೊಡುವವರು ಯಾರೂ ಇಲ್ಲದೆ, ಕಡೆಗೆ ಮೊಸರು ತೆಗೆದುಕೊಂಡು ಮನೆಗೆ ಬಂದಿದ್ದೇನೆ. ಇಂಥವನ ಕೈಗೆ ಒಂದು ಟೀವಿ ಆಂಟೆನಾ ಆರಿಸುವ ಕೆಲಸ ಸಿಕ್ಕಿತು. ಅದೂ ಗಾಲಿಯ ಮೇಲಿನ ಮನೆಗೆ.

ಗಾಲಿಯ ಮೇಲಿನ ಮನೆ ಭಾವನದು. ಭಾವ ಎಂದರೆ ಅಕ್ಕನ ಗಂಡ. ಮಸ್ಕತ್ತಿನ ಅಲ್ ಗುಬ್ರಾದಲ್ಲಿರುವ ಅವರ ಫ್ಲ್ಯಾಟಿನ ಒಂದು ಕೋಣೆಯಲ್ಲಿ ನಾನಿದ್ದೇನೆ. ಬೆಳಿಗ್ಗೆ ಅವರ ಕಾರಿನಲ್ಲೇ ಖುರುಮ್‌ನ ಆಫೀಸಿಗೆ ಹೋಗುತ್ತೇನೆ, ಸಂಜೆ ಅವರ ಕಾರಿನಲ್ಲೇ ಮರಳುತ್ತೇನೆ. ಆದ್ದರಿಂದ ನನ್ನ ವಾದಗಳನ್ನು ಸೀಟುಬೆಲ್ಟ್ ಕಟ್ಟಿಕೊಂಡು ಕೇಳುವ ದೌರ್ಭಾಗ್ಯ ಅವರದು. ಭಾವ ವಾದ ಮಾಡುವವರಲ್ಲ. ನಾನು ಮೂರು ಅಂಶ ಮುಂದಿಟ್ಟು ನಾಲ್ಕನೆಯದಕ್ಕೆ ಉಸಿರೆಳೆಯುವಾಗ "ಖಲಾಸ್" ಎನ್ನುತ್ತಾರೆ. ಮುಗಿಯಿತು. ಜಗತ್ತಿನ ಯಾವ ತರ್ಕಶಾಸ್ತ್ರದಲ್ಲೂ ಖಲಾಸ್‌ಗೆ ಉತ್ತರವಿಲ್ಲ. ಸ್ವದೇಶಕ್ಕೆ ಹೊರಟ ಸಹೋದ್ಯೋಗಿಯೊಬ್ಬನಿಂದ ಅವರು ಈ ಹಳೆಯ ಕ್ಯಾರವಾನನ್ನು, ಕಾರಿನ ಹಿಂದೆ ಕಟ್ಟಿ ಎಳೆಯುವ ಈ ಮನೆಯನ್ನು, ಕೊಂಡಾಗಲೂ ಹಾಗೆಯೇ ಆಯಿತು. ಬೇಡವೆನ್ನಲು ಕಾರಣಗಳನ್ನು ಜೋಡಿಸುತ್ತಿದ್ದೆ. ಕೆಳಗೆ ಪಾರ್ಕಿಂಗಿನಲ್ಲಿ ಅದು ಬಂದು ನಿಂತಾಗಿತ್ತು. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಗೋಡೆಗೆ ಒಂದು ಪುಟ್ಟ ಟೀವಿ. ಅದರ ಮಾಡಿನ ಮೇಲೆ ಆಂಟೆನಾ ಇದ್ದ ಜಾಗದಲ್ಲಿ ಬುಡ ಮಾತ್ರ ಉಳಿದಿತ್ತು, ಮುರಿದ ಹಲ್ಲಿನಂತೆ.

ಭಾವನ ಇನ್ನೊಂದು ವಿಶೇಷ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿನ ಹೋಟೆಲು ಕೋಣೆಗಳ ಚಾವಣಿಯಲ್ಲಿ ನಮಾಜಿನ ದಿಕ್ಕು ತೋರಿಸುವ ಪುಟ್ಟ ಬಾಣದ ಗುರುತಿರುತ್ತದೆ. ಆಫೀಸಿನ ಕೆಲಸಕ್ಕೆಂದು ಊರೂರು ಸುತ್ತಿ, ಹೋದಲ್ಲೆಲ್ಲ ಮಲಗಿಕೊಂಡು ಆ ಬಾಣವನ್ನೇ ನೋಡುತ್ತಿದ್ದ ಭಾವನಿಗೆ, ತಮಗೂ ಒಂದು ದಿಕ್ಕು ಇರಬೇಕೆನಿಸಿತು. ಅವರು ಮಂಗಳೂರನ್ನು ಆರಿಸಿಕೊಂಡರು. ಈಗ ಒಮಾನಿನ ಯಾವ ಮೂಲೆಯಲ್ಲಿ ನಿಲ್ಲಿಸಿ ಕೇಳಿದರೂ ಫೋನಿನ ದಿಕ್ಸೂಚಿ ತೆಗೆದು ಮಂಗಳೂರು ಎಲ್ಲಿದೆಯೆಂದು ಕೈ ಚಾಚಿ ತೋರಿಸುತ್ತಾರೆ. ಫ್ಲ್ಯಾಟಿನಲ್ಲಿ ದೇವರ ಫೋಟೋ ಅತ್ತ ನೋಡುತ್ತದೆ. ಕ್ಯಾಲೆಂಡರು ಅತ್ತ ನೋಡುತ್ತದೆ. ಅತ್ತ ಕಾಲು ಚಾಚಿ ಯಾರೂ ಮಲಗುವಂತಿಲ್ಲ. "ಊರಿಗೆ ಮುಖ ಮಾಡಿದ್ರೆ ಕೆಟ್ಟದಾಗುದಿಲ್ಲ ಮಾರಾಯ" ಎನ್ನುವುದು ಅವರ ಸಿದ್ಧಾಂತ. ಹಾಗಾದರೆ ಮಂಗಳೂರಿನಲ್ಲೇ ಇರುವವರಿಗೆ ಕೆಟ್ಟದ್ದು ಯಾಕೆ ಆಗುತ್ತದೆ ಎಂದು ನಾನು ಕೇಳಿದೆ. "ಅವ್ರು ಎತ್ಲಾಗೆ ಮುಖ ಮಾಡುದು ಪಾಪ, ಅವ್ರಿಗೆ ದಿಕ್ಕೇ ಇಲ್ಲ" ಎಂದರು. ಇಂಥ ಉತ್ತರವನ್ನು ಖಂಡಿಸಲು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಸಾಬೂನು ಹಚ್ಚಿದ ಬೈಗೆ ಮೀನಿನ ಹಾಗೆ.

ಇಷ್ಟಕ್ಕೂ ಆಂಟೆನಾ ಯಾಕೆ ಬೇಕಾಯಿತೆಂದರೆ, ಅಕ್ಕನಿಗಾಗಿ. ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಉಮ್ಮು ಸಾಲಿಮ್ ಎಂಬ ಒಮಾನಿ ಮಹಿಳೆ ಇದ್ದಾರೆ. ಉಮ್ಮು ಸಾಲಿಮ್ ಎಂದರೆ ಸಾಲಿಮನ ತಾಯಿ. ಇಲ್ಲಿ ಕರೆಯುವುದೇ ಹಾಗೆ. ಅಕ್ಕನ ಮಗಳ ಹೆಸರು ತನ್ವಿ, ಹಾಗಾಗಿ ಅಕ್ಕ ಅವರ ಬಾಯಲ್ಲಿ ಉಮ್ಮು ತನ್ವಿ. ನಮ್ಮವರ ಪೂಜೆ, ಪಿಕ್‌ನಿಕ್ಕುಗಳಿಗೆ ಹೋದರೆ ಭಾವನ ಹೆಸರು ಹೇಳಿ "ಅವರ ಮಿಸೆಸ್". ಶಾಲೆಯಲ್ಲಿ "ತನ್ವಿಯ ಮದರ್". ಯಶೋದಾ ಎಂಬ ಸ್ವಂತ ಹೆಸರು ಅಕ್ಕನಿಗೆ ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿತ್ತು. ಒಮಾನಿಗಳು ರಖಾಲ್ ಎಂಬ ಕಾಗದದಷ್ಟು ತೆಳ್ಳಗಿನ ರೊಟ್ಟಿ ಮಾಡುತ್ತಾರೆ. ಅಕ್ಕನ ನೀರುದೋಸೆಯನ್ನು ಒಂದು ದಿನ ತಿಂದ ಉಮ್ಮು ಸಾಲಿಮ್, ಇದು ನಮ್ಮ ರಖಾಲಿನ ತಂಗಿ ಎಂದು ಘೋಷಿಸಿದರು. ಅವರ ನೆಂಟರೊಬ್ಬರು ಟೀವಿಯ ಅಡುಗೆ ಕಾರ್ಯಕ್ರಮದಲ್ಲಿದ್ದರು. ಮಾತು ಅಲ್ಲಿಂದ ಅಲ್ಲಿಗೆ ಹೋಗಿ, ಅಕ್ಕ ಒಂದು ದಿನ ಜರಿಯಂಚಿನ ಸೀರೆಯುಟ್ಟು, ಮನೆಯ ಕಾವಲಿ ಹಿಡಿದುಕೊಂಡು ಸ್ಟುಡಿಯೊಗೆ ಹೋಗಿ ಬಂದಳು. ಅಲ್ಲಿ ಅವಳ ಹೆಸರು ಕೇಳಿ ಬರೆದುಕೊಂಡರಂತೆ. ಪರದೆಯ ಮೇಲೆ ಹಾಕುತ್ತಾರಂತೆ, ಅರಬ್ಬಿಯಲ್ಲಿ. ಅಂದಿನಿಂದ ಅಕ್ಕ ಶಾಲೆಯಲ್ಲಿ ಅರಬ್ಬಿ ಕಲಿಯುವ ತನ್ವಿಯನ್ನು ಎದುರು ಕೂರಿಸಿಕೊಂಡು ತನ್ನ ಹೆಸರನ್ನಷ್ಟೇ ಓದಲು ಕಲಿತಳು. ಬೇರೆ ಒಂದು ಅಕ್ಷರವೂ ಬೇಡ. ದೋಸೆ ಮಗುಚುವ ಪುರುಸೊತ್ತಿನಲ್ಲಿ ಒಲೆಕಟ್ಟೆಯ ಹಿಟ್ಟಿನ ಮೇಲೆ ಬೆರಳಿನಿಂದ, ಬಲದಿಂದ ಎಡಕ್ಕೆ, ಯಶೋದಾ ಎಂದು ಬರೆದು ಅಳಿಸುವುದನ್ನು ನಾನೇ ನೋಡಿದ್ದೇನೆ.

ಕಾರ್ಯಕ್ರಮ ಯಾವಾಗ ಎಂದು ತಿಳಿದಾಗ ಎಲ್ಲರೂ ಕ್ಯಾಲೆಂಡರಿನ ಕಡೆ, ಅಂದರೆ ಮಂಗಳೂರಿನ ಕಡೆ, ನೋಡಿದೆವು. ನ್ಯಾಷನಲ್ ಡೇ ರಜೆಯ ಸಂಜೆ. ಅಂದು ಭಾವ ಸೂರ್ ಪಟ್ಟಣದ ದಾರಿಯ ಒಂದು ಸಮುದ್ರತೀರದಲ್ಲಿ ಕ್ಯಾರವಾನು ನಿಲ್ಲಿಸುವುದೆಂದು ಎಂದೋ ನಿಶ್ಚಯವಾಗಿತ್ತು. ಆ ತೀರವನ್ನು ಅವರು ಆರಿಸಿದ್ದೇ ಅಲ್ಲಿ ಫೋನು ಸತ್ತುಹೋಗುತ್ತದೆ, ಆಫೀಸಿನವರ ಕಾಟವಿರುವುದಿಲ್ಲ ಎಂಬ ಕಾರಣಕ್ಕೆ.

"ಅಕ್ಕಾ, ಆಮೇಲೆ ಯೂಟ್ಯೂಬಿಗೆ ಹಾಕ್ತಾರೆ, ಬೇಕಾದಷ್ಟು ಸಲ ನೋಡ್ಬಹುದು" ಎಂದೆ.

"ಆಮೇಲೆ ನೋಡಿದ್ರೆ ಅದು ಮದುವೆ ಆಲ್ಬಮ್ ನೋಡಿದ ಹಾಗೆ" ಎಂದಳು ಅಕ್ಕ. "ಉಮ್ಮು ಸಾಲಿಮ್ ನೋಡುವಾಗ, ಅವರ ಅಕ್ಕತಂಗಿಯರು ನೋಡುವಾಗ, ಈ ಇಡೀ ದೇಶ ನೋಡುವಾಗ ನಾನೂ ನೋಡ್ಬೇಕು. ನಿಂಗೆ ಅರ್ಥ ಆಗ್ಲಿಕ್ಕಿಲ್ಲ ಬಿಡು."

ನಾವು ಮನೆಯಲ್ಲಿ ಆಡುವುದು ತುಳು; ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆದರೆ ಆ "ಬಿಡು"ವಿನ ಭಾರ ಯಾವ ಭಾಷೆಯಲ್ಲೂ ಕಮ್ಮಿಯಾಗುವುದಿಲ್ಲ. ಭಾವ ತಕ್ಷಣ ತೀರ್ಪು ಕೊಟ್ಟರು: "ಅಷ್ಟೇ ಅಲ್ವಾ? ಕ್ಯಾರವಾನಿಗೆ ಆಂಟೆನಾ ಹಾಕುವ. ಇಲ್ಲಿಯ ಚಾನೆಲ್ ಗಾಳಿಯಲ್ಲೇ ಬರ್ತದಂತೆ, ಡಿಶ್ಶೂ ಬೇಡ, ದುಡ್ಡೂ ಬೇಡ. ಇವ ಉಂಟಲ್ಲ, ದಿನಾ ವಾದ ಮಾಡ್ತಾನೆ. ಇವನೇ ಒಂದು ನೋಡಿ ತರ್ಲಿ. ಖಲಾಸ್."

ನೋಡಿದೆ. ನೋಡಿದ್ದೇ ಕೆಟ್ಟಿತು. ಕ್ಯಾರವಾನಿನ ಆಂಟೆನಾದಲ್ಲಿ ಎರಡು ಪಂಥಗಳಿವೆ. ಒಂದು ಗುಂಡಗಿನದು, ಮುಚ್ಚಿದ ಇಡ್ಲಿ ತಟ್ಟೆಯ ಹಾಗಿರುತ್ತದೆ. ಸುತ್ತಲಿನ ಎಲ್ಲ ದಿಕ್ಕಿನಿಂದಲೂ ಸಿಗ್ನಲ್ ಹಿಡಿಯುತ್ತದೆ, ಆದರೆ ದೂರದ್ದು ಸಿಗುವುದಿಲ್ಲ. ಇನ್ನೊಂದು ಉದ್ದನೆಯದು, ತಿಂದು ಬಿಟ್ಟ ಬಂಗುಡೆಯ ಮುಳ್ಳಿನ ಹಾಗಿರುತ್ತದೆ. ದೂರದ್ದನ್ನೂ ಎಳೆದು ತರುತ್ತದೆ, ಆದರೆ ಸಿಗ್ನಲ್ ಬರುವ ಗೋಪುರದ ಕಡೆಗೇ ಮುಖ ಮಾಡಿ ನಿಲ್ಲಿಸಬೇಕು. ಅಂದರೆ ಒಂದು ಎಲ್ಲರ ಮಾತನ್ನೂ ಅರ್ಧರ್ಧ ಕೇಳುವ ಮನುಷ್ಯ, ಇನ್ನೊಂದು ಒಬ್ಬರ ಮಾತನ್ನೇ ಪೂರ್ತಿ ಕೇಳುವ ಮನುಷ್ಯ. ನನ್ನ ಪ್ರಾಣ ಹಿಂಡಲು ದೇವರು, ಇದ್ದರೆ, ಇದಕ್ಕಿಂತ ಒಳ್ಳೆಯ ವಿಷಯ ಕೊಡಲಾರ. ಊಟದ ಹೊತ್ತಿಗೆ ಮನೆಯವರೆದುರು ಗುಂಡಗಿನದರ ಪರವಾಗಿ ಎಂಥ ವಾದ ಮಂಡಿಸಿದೆನೆಂದರೆ, ತನ್ವಿ ಚಮಚ ಕೆಳಗಿಟ್ಟು "ಓಕೆ ಮಾವ, ಯೂ ವಿನ್" ಎಂದಳು. ಮರುದಿನ ಅಂಗಡಿಗೆ ಹೋದೆ. ಅಂಗಡಿಯ ಪಾಕಿಸ್ತಾನಿ ಮುದುಕ ಡಿಶ್ ಮಾರುವವನು. ಆಂಟೆನಾ ಎಂದು ನಾನಂದಾಗ ಸತ್ತವರ ಹೆಸರು ಕೇಳಿದವನಂತೆ ನೋಡಿದ. ಕಪಾಟಿನ ಹಿಂದೆ ಕೈಹಾಕಿ ಎರಡು ಪೆಟ್ಟಿಗೆ ತೆಗೆದು, ಧೂಳು ಊದಿ, "ಗೋಲ್ ವಾಲಾ ಲೇ ಲೋ ಭಾಯ್, ಝಂಝಟ್ ನಹೀ" ಎಂದ. ಗುಂಡಗಿನದು ತಗೊ, ತಲೆನೋವಿಲ್ಲ. ನಾನು ಹೋಗಿದ್ದೇ ಅದಕ್ಕೆ. ಆದರೆ ಎದುರಿನವನು ಪರ ನಿಂತ ಮೇಲೆ ನಾನು ಇನ್ನೆಲ್ಲಿ ನಿಲ್ಲಲಿ? ವಿರೋಧದ ಚೀಟಿ ತಾನಾಗಿ ಕೈಗೆ ಬಂತು. ದೂರ, ಬೆಟ್ಟ, ಗಾಳಿ, ಸಿಗ್ನಲಿನ ಬಲ ಎಂದು ಹಿಂದಿಯಲ್ಲಿ ಅವನನ್ನು ಕಟ್ಟಿಹಾಕಿದೆ. ಅವನು "ಅಚ್ಛಾ ಭಾಯ್, ಆಪ್ ಜೀತ್ ಗಯೇ" ಎಂದು ಕೈಮುಗಿದ. ಬಂಗುಡೆ ಮುಳ್ಳು ಹೆಗಲ ಮೇಲಿಟ್ಟು ವಿಜಯಿಯಾಗಿ ಮನೆಗೆ ಬಂದೆ.

"ನಿನ್ನೆ ಗುಂಡಗಿನದು ಬಿಟ್ರೆ ಬೇರೆ ತರುವವ ಮೂರ್ಖ ಅಂತ ಹೇಳಿದ್ದು ಯಾರು?" ಅಕ್ಕ ಬಾಗಿಲಲ್ಲೇ ಕೇಳಿದಳು.

"ಅದು ನಿನ್ನೆಯ ವಾದ."

"ನಿನ್ನನ್ನು ಮದುವೆ ಆಗುವವಳ ಗತಿ ನೆನೆಸಿದ್ರೆ ಹೊಟ್ಟೆಗೆ ಹಿಟ್ಟು ಇಳಿಯುದಿಲ್ಲ ನಂಗೆ" ಎಂದು ಅವಳು ಅಕ್ಕಿ ನೆನೆಹಾಕಲು ಹೋದಳು. ಸಮುದ್ರತೀರದಲ್ಲಿ ಟೀವಿಯಲ್ಲಿ ನೀರುದೋಸೆ ಬರುವಾಗ ಕೈಯಲ್ಲೂ ನೀರುದೋಸೆ ಇರಬೇಕೆಂಬುದು ಅವಳ ಲೆಕ್ಕ.

ತೀರ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಒಂದು ಕಡೆ ಸಮುದ್ರ, ಒಂದು ಕಡೆ ಒಂದು ಗರಿಕೆಯೂ ಇಲ್ಲದ ಬೆಟ್ಟ, ನಡುವೆ ಬೆಣಚುಕಲ್ಲಿನ ಮೇಲೆ ನಮ್ಮ ಕ್ಯಾರವಾನು. ಭಾವ ದಿಕ್ಸೂಚಿ ನೋಡಿ ಅದರ ಬಾಗಿಲನ್ನು ಮಂಗಳೂರಿಗೆ ತಿರುಗಿಸಿ ನಿಲ್ಲಿಸಿದರು. ನಾನು ಏಣಿ ಹತ್ತಿ ಬಂಗುಡೆ ಮುಳ್ಳನ್ನು ಕಂಬಕ್ಕೆ ಬಿಗಿದೆ. ಯಾವ ಕಡೆಗೆ? ನನ್ನ ತರ್ಕ ಸರಳವಾಗಿತ್ತು. ಮಸ್ಕತ್ ರಾಜಧಾನಿ, ದೊಡ್ಡ ಗೋಪುರ ಅಲ್ಲೇ ಇರಬೇಕು, ಆದ್ದರಿಂದ ಮಸ್ಕತ್ತಿನ ಕಡೆಗೆ. ಒಳಗೆ ತನ್ವಿ ರಿಮೋಟು ಹಿಡಿದು ಕೂತಿದ್ದಳು. ಅಕ್ಕ ಸ್ಟುಡಿಯೊಗೆ ಉಟ್ಟಿದ್ದ ಅದೇ ಸೀರೆ ಉಟ್ಟು, ತಲೆ ಬಾಚಿ, ತನ್ನನ್ನು ತಾನು ನೋಡಲು ನೆಂಟರ ಮನೆಗೆ ಬಂದವಳಂತೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪರದೆ ನೀಲಿ. ಸಿಗ್ನಲ್ ಇಲ್ಲ.

ಕೇಬಲ್ ಬಿಚ್ಚಿ ಮತ್ತೆ ಹಾಕಿದೆ. ನೀಲಿ. ಮುಳ್ಳನ್ನು ಮಲಗಿಸಿದ್ದವನು ನಿಲ್ಲಿಸಿದೆ. ನೀಲಿ. ಕಂಬವನ್ನು ಒಂದು ಮೊಳ ಎತ್ತರಿಸಿದೆ. ಬೆಟ್ಟದ ನೆರಳು ಕಲ್ಲುಗಳ ಮೇಲೆ ಹರಿದು ಬರುತ್ತಿತ್ತು. ಎಲ್ಲೋ ದೂರದ ಹಳ್ಳಿಯಿಂದ ಮಗ್ರಿಬಿನ, ಅಂದರೆ ಮುಸ್ಸಂಜೆಯ ನಮಾಜಿನ, ಬಾಂಗು ತೇಲಿ ಬಂತು. ಗಾಳಿಯಲ್ಲಿ ಅಷ್ಟು ದೂರದಿಂದ ಅದು ಬರುತ್ತದೆ, ಅಕ್ಕ ಮಾತ್ರ ಬರುತ್ತಿಲ್ಲ.

"ಟೈಮಾಯ್ತು" ಎಂದಳು ಅಕ್ಕ ಒಳಗಿನಿಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮಂಗಳೂರಿಗೆ ತಿರುಗ್ಸು ಮಾರಾಯ" ಎಂದರು ಕೆಳಗೆ ನಿಂತಿದ್ದ ಭಾವ.

ಇಲ್ಲಿ ನಾನು ಸುಮ್ಮನೆ ತಿರುಗಿಸಬಹುದಿತ್ತು. ಕೈ ಆಂಟೆನಾದ ಮೇಲೇ ಇತ್ತು, ತಿರುಗಿಸಲು ಉಸಿರೆಳೆಯುವಷ್ಟು ಹೊತ್ತು ಸಾಕು. ಆದರೆ ತಪ್ಪು ಕಾರಣಕ್ಕೆ ಕೈ ಅಲ್ಲಾಡಿಸುವುದು ನನ್ನ ಶಿಕ್ಷಣಕ್ಕೆ ಅವಮಾನ. ಏಣಿಯಿಂದ ಇಳಿದೆ. ಕಲ್ಲುಗಳ ಮೇಲೆ ನಿಂತು, "ಭಾವ, ಮಂಗಳೂರಿಗೂ ಒಮಾನಿನ ಟೀವಿಗೂ ಎಂತ ಸಂಬಂಧ? ಅಲ್ಲಿಂದ ಸಿಗ್ನಲ್ ಬರ್ತದಾ? ಬಂದ್ರೂ ಇಷ್ಟು ದೊಡ್ಡ ಸಮುದ್ರ ದಾಟ್ತದಾ? ದಾಟಿದ್ರೂ ಅದು ಅರಬ್ಬೀಲಿ ಮಾತಾಡ್ತದಾ?" ಎಂದು ಶುರುಮಾಡಿದೆ. ಇನ್ನು ನಿಲ್ಲುವ ಜಾತಿಯೇ ನನ್ನದು? ಊರಿನ ಮೋಹ ಬೇರೆ, ಭೌತಶಾಸ್ತ್ರ ಬೇರೆ ಎಂದೆ. ಒಂದು ನಂಬಿಕೆ ಹಿತವಾಗಿದೆ ಎಂಬುದು ಅದು ನಿಜವೆಂಬುದಕ್ಕೆ ಪುರಾವೆಯಲ್ಲ ಎಂದೆ. ಭಾಷಣ ಚೆನ್ನಾಗಿತ್ತು, ಈಗ ನೆನೆಸಿಕೊಂಡರೂ ಅದರಲ್ಲಿ ಒಂದು ಲೋಪ ಕಾಣುವುದಿಲ್ಲ.

ಅಕ್ಕ ಬಾಗಿಲಿಗೆ ಬಂದು ನಿಂತಳು. "ನೀನು ಗೆದ್ದಿ ಮಾರಾಯ" ಎಂದಳು. "ಕಪ್ ಊರಿಗೆ ಹೋದಾಗ ಕೊಡ್ತೇನೆ. ಈಗ ನನ್ನನ್ನು ಒಮ್ಮೆ ತೋರಿಸು."

ನಾನು ಏಣಿಯ ಬುಡದಿಂದ ಸರಿದೆ. ಭಾವ ತಮ್ಮ ಹೊಟ್ಟೆಯನ್ನೂ ಲುಂಗಿಯನ್ನೂ ಎತ್ತಿ ಹಿಡಿದುಕೊಂಡು ಏಣಿ ಹತ್ತಿದರು. ದಿಕ್ಸೂಚಿ ನೋಡಿದರು. ಭಕ್ತಿಯಿಂದ, ಮೀನಿನ ತಲೆಯನ್ನು ಮಂಗಳೂರಿಗೆ ತಿರುಗಿಸಿದರು.

"ಇಟ್ ಕೇಮ್! ಅಮ್ಮಾ, ಇಟ್ ಕೇಮ್!" ತನ್ವಿಯ ಕಿರುಚು ಬೆಟ್ಟಕ್ಕೆ ಬಡಿದು ಮರಳಿತು.

ಬಂದಿತ್ತು. ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಬಂದಿತ್ತು. ಪರದೆಯ ತುಂಬ ನಮ್ಮ ಮನೆಯ ಕಾವಲಿ, ಅದರ ಮೇಲೆ ನಮ್ಮಕ್ಕನ ಕೈ, ಬಳೆ. ಹಿಟ್ಟು ಚೊಂಯ್ ಎಂದು ಬಿದ್ದು ತೂತುತೂತಾಗಿ ಹರಡಿಕೊಂಡಿತು. ಒಮ್ಮೆ ಮುಖ ಬಂತು, ಗಾಬರಿಯಲ್ಲಿ ನಗುತ್ತಿರುವ ಮುಖ. ಪಕ್ಕದಲ್ಲಿ ಕಾರ್ಯಕ್ರಮದ ಹೆಂಗಸು ದೋಸೆಯ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಷ್ಟೇ. ಆ ಭಾಗ ಮುಗಿದೇಹೋಯಿತು. ಅಕ್ಕ ಸಲಾಮು ಹೇಳಿ ಒಳಬರುವುದು, ಅವಳು ವಾರಗಟ್ಟಲೆ ಬಾಯಿಪಾಠ ಮಾಡಿದ್ದ ಒಂದು ಅರಬ್ಬಿ ವಾಕ್ಯ, ಅದರ ಕೆಳಗೆ ಹಾಕುತ್ತೇವೆಂದಿದ್ದ ಹೆಸರು, ಎಲ್ಲ ಮೊದಲಲ್ಲೇ ಬಂದು ಹೋಗಿರಬೇಕು. ಅಂದರೆ ಊರಿನ ಮೋಹ ಬೇರೆ, ಭೌತಶಾಸ್ತ್ರ ಬೇರೆ ಎಂದು ನಾನು ಹೇಳುತ್ತಿದ್ದಾಗ.

ಕಡೆಯಲ್ಲಿ ಹೆಸರುಗಳ ಸಾಲು ಓಡತೊಡಗಿತು. ಅಕ್ಕ ಎದ್ದು ಟೀವಿಯ ಹತ್ತಿರ ಹೋಗಿ ಬೆರಳು ಚಾಚಿ ನಿಂತಳು. ಸಾಲುಗಳು ರೈಲಿನ ಕಿಟಕಿಗಳ ಹಾಗೆ ಓಡಿದವು. ಅವಳ ಬೆರಳು ಬಲದಿಂದ ಹೊರಡುವಷ್ಟರಲ್ಲಿ ಸಾಲೇ ಇರುತ್ತಿರಲಿಲ್ಲ. ಪರದೆ ಖಾಲಿಯಾಯಿತು. ಜಾಹೀರಾತು ಬಂತು.

"ಕಂಡಿತು" ಎಂದಳು ಅಕ್ಕ, ಟೀವಿಯನ್ನೇ ನೋಡುತ್ತ. "ಇತ್ತು ಅಲ್ವಾ?"

"ಯಾ ಅಮ್ಮಾ, ಐ ಸಾ ಇಟ್" ಎಂದಳು ತನ್ವಿ ಒಂದು ಕ್ಷಣವೂ ತಡಮಾಡದೆ. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಪುರಾವೆಯಿಲ್ಲದೆ ದೇವರನ್ನೂ ಒಪ್ಪದ ನನ್ನನ್ನು.

"ಹೌದು, ನಾನೂ ನೋಡಿದೆ" ಎಂದೆ.

"ನಿಂಗೆ ಅರಬ್ಬಿ ಓದ್ಲಿಕ್ಕೆ ಯಾವಾಗ ಬಂತು?" ಎಂದಳು ಅಕ್ಕ. ಆದರೆ ಮುಖದಲ್ಲಿ ಸ್ವಲ್ಪ ನಗು ಇತ್ತು. ಕಾವಲಿ ಒಲೆಗಿಟ್ಟಳು. ಮೊದಲ ದೋಸೆ ನನ್ನ ತಟ್ಟೆಗೇ ಬಂತು. ಅದನ್ನು ನುಂಗಿದಷ್ಟು ಕಷ್ಟದಲ್ಲಿ ನಾನು ಯಾವ ಸೋಲನ್ನೂ ನುಂಗಿಲ್ಲ.

ಮರುದಿನ ದೇಶ ನೋಡಲೆಂದು ಸೂರ್‌ಗೆ ಹೋದೆವು. ಊರು ಹತ್ತಿರವಾಗುತ್ತಿದ್ದಂತೆ ನಾನು ಸೀಟಿನಿಂದ ಮುಂದಕ್ಕೆ ಬಾಗಿದೆ. ಎದುರಿಗೆ ಗುಡ್ಡದ ಮೇಲೆ ಕೆಂಪು ಬಿಳಿ ಪಟ್ಟೆಯ ಒಂದು ಗೋಪುರ. ನಾವು ತಂಗಿದ್ದ ತೀರದಿಂದ ಸೂರ್ ಆಗ್ನೇಯಕ್ಕೆ, ಮಂಗಳೂರೂ ಆಗ್ನೇಯಕ್ಕೆ. ಭಾವ ಸಮುದ್ರದಾಚೆಯ ಊರಿಗೆ ಗುರಿಯಿಟ್ಟದ್ದು, ದಾರಿಯಲ್ಲಿ ಸಿಕ್ಕ ಗೋಪುರಕ್ಕೆ ತಗುಲಿದೆ. ಮಸ್ಕತ್ತಿಗೂ ನಮಗೂ ನಡುವೆ ಬೆಟ್ಟ ಅಡ್ಡ. ಎಲ್ಲವೂ ಸ್ಪಷ್ಟ! ಕಾರಿನಲ್ಲಿ ಇದನ್ನು ಉತ್ಸಾಹದಿಂದ ವಿವರಿಸಿದೆ. ಕಾಕತಾಳೀಯ ಎಂಬ ಮಾತನ್ನು ಎರಡು ಸಲ ಬಳಸಿದೆ.

ಭಾವ ಶಾಂತವಾಗಿ ಸ್ಟಿಯರಿಂಗ್ ತಿರುಗಿಸುತ್ತ, "ಆಗ್ನೇಯ ಅಂದ್ರೆ ಎಂತ? ಅಗ್ನಿಮೂಲೆ. ಮನೆಯಲ್ಲಿ ಅಡಿಗೆಕೋಣೆ ಇಡುವ ಮೂಲೆ. ಅಡಿಗೆಯ ಕಾರ್ಯಕ್ರಮ ಮತ್ತೆ ಎಲ್ಲಿಂದ ಬರ್ಬೇಕು ಮಾರಾಯ?" ಎಂದರು.

ಹಿಂದಿನ ಸೀಟಿನಲ್ಲಿ ಅಕ್ಕ ಬಿದ್ದುಬಿದ್ದು ನಕ್ಕಳು. ಫೋನಿಗೆ ಜೀವ ಬಂದಿತ್ತು. ಉಮ್ಮು ಸಾಲಿಮ್ ಅವರ ಕರೆ. "ಯಾ ಯಶೋದಾ!" ಎಂದು ಅವರು ಕೂಗಿದ್ದು ಕಾರಿನಲ್ಲೆಲ್ಲ ಕೇಳಿತು. ಉಮ್ಮು ತನ್ವಿ ಎನ್ನಲಿಲ್ಲ. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟಳು. ನಾನು ವಿವರಣೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಸುದ್ದಿ ಇಲ್ಲಿರುವ ನಮ್ಮೂರಿನವರಲ್ಲೆಲ್ಲ ಹಬ್ಬಿದೆ. ಮಂಗಳೂರಿಗೆ ಮುಖ ಮಾಡಿದ್ದಕ್ಕೆ ಸತ್ತ ಟೀವಿ ಎದ್ದು ಕೂತಿತಂತೆ ಎಂದು, ಹೊಸದಾಗಿ ಬಂದವರು ಮಂಚ ಹಾಕುವ ಮೊದಲು ಭಾವನಿಗೆ ಫೋನು ಮಾಡಿ ದಿಕ್ಕು ಕೇಳುತ್ತಾರೆ. ಮುಂದಿನ ರಜೆಗೆ ನಿಜ್ವಾ ಕಡೆಗೆ ಪ್ರವಾಸ. ಅಲ್ಲಿ ಮಂಗಳೂರಿನ ಕಡೆ ಬೆಟ್ಟಗಳ ಸಾಲೇ ಇದೆ, ಸಿದ್ಧಾಂತ ಅಲ್ಲಿ ಖಂಡಿತ ಮುರಿದುಬೀಳುತ್ತದೆ ಎಂದು ಕಾಯುತ್ತಿದ್ದೇನೆ. ಆ ಸಂಜೆ ಅಕ್ಕನ ಕಾರ್ಯಕ್ರಮದ ಮರುಪ್ರಸಾರವಂತೆ. ಆದ್ದರಿಂದ ಸಿದ್ಧಾಂತ ಮುರಿಯದಿದ್ದರೂ ನಡೆದೀತು ಎಂದು ಆಗಾಗ ಅನಿಸುತ್ತದೆ. ಆಗ ತಲೆ ಕೊಡವಿಕೊಳ್ಳುತ್ತೇನೆ.

ಮೊನ್ನೆ ನನ್ನ ಕೋಣೆಯ ಮಂಚವನ್ನು ಸ್ವಲ್ಪ ತಿರುಗಿಸಿ ಹಾಕಿದೆ. ಏಸಿಯ ಗಾಳಿ ನೇರ ತಲೆಗೆ ಬಡಿಯುತ್ತಿತ್ತು. ಕಿಟಕಿಯ ಬೆಳಕೂ ಕಣ್ಣಿಗೆ ಹೊಡೆಯುತ್ತಿತ್ತು. ಪ್ಲಗ್ ಪಾಯಿಂಟೂ ದೂರವಾಗುತ್ತಿತ್ತು. ಮೂರು ಸ್ವತಂತ್ರ ಕಾರಣಗಳು, ಒಂದನ್ನೂ ಅಲ್ಲಗಳೆಯಲು ಸಾಧ್ಯವಿಲ್ಲ. ಇದನ್ನೆಲ್ಲ ತನ್ವಿಗೆ ವಿವರಿಸುತ್ತಿದ್ದೆ. ಅವಳು ಅಪ್ಪನ ಫೋನು ತಂದು, ದಿಕ್ಸೂಚಿ ತೆರೆದು, ನನ್ನ ದಿಂಬಿನ ಮೇಲೆ ಇಟ್ಟು ನೋಡಿದಳು. ಮುಳ್ಳು ನಿಲ್ಲುವವರೆಗೆ ಕಾದಳು. ನಾನು ನಾಲ್ಕನೆಯ ಕಾರಣಕ್ಕೆ ಉಸಿರೆಳೆದೆ.

"ಖಲಾಸ್, ಮಾವ" ಎಂದು ಫೋನು ಎತ್ತಿಕೊಂಡು ಹೋದಳು.